ಐದು ನಿಮಿಷದ ಕೆಲಸ

ಅಮೆರಿಕದ ಆರ್ಕನ್ಸಾದ ಒಂದು ಸಣ್ಣ ಊರಿನ ಕೋರ್ಟಿನಲ್ಲಿ ಸಾಕ್ಷಿಯ ಕುರ್ಚಿಯಲ್ಲಿ ಕೂರುವಾಗಲೇ ವರ್ನಾ ಟೀಗ್‌ಳ ಮೈ ಉರಿಯುತ್ತಿತ್ತು. ಅವಳಿಗೆ ಅರವತ್ತೊಂದು ವರ್ಷ. ಮೂವತ್ತೆರಡು ವರ್ಷದಿಂದ ಬಂದೂಕು ರಿಪೇರಿಯೇ ಹೊಟ್ಟೆಪಾಡು. ಎದುರಿಗೆ, ಕಾಲಿಗೆ ಜಾಮೀನಿನವರ ಓಡಾಟ ಕಾಯುವ ಎಲೆಕ್ಟ್ರಾನಿಕ್ ಪಟ್ಟಿ ಕಟ್ಟಿಸಿಕೊಂಡು ಆರೋಪಿಯ ಜಾಗದಲ್ಲಿ ಕೂತಿದ್ದವಳು ಅವಳ ತಮ್ಮನ ಮಗಳು ಡೆಲ್ಲಾ. ಕಳೆದ ನವೆಂಬರಿನ ಒಂದು ಭಾನುವಾರ, ಹಾಡುಹಗಲೇ, ಚರ್ಚಿನ ಊಟ ಮುಗಿಸಿ ಕಾರು ಹತ್ತಿದ್ದವಳ ಕುತ್ತಿಗೆಗೆ ಕಿಟಕಿಯಿಂದ ಕೈ ಹಾಕಿದ ಮಾಜಿ ಗಂಡ ಟ್ರೆಂಟ್‌ಗೆ ಡೆಲ್ಲಾ ಒಂದು ಗುಂಡು ಹೊಡೆದಿದ್ದಳು. ಒಂದೇ ಒಂದು. ಅವನು ಸತ್ತ. ಅವಳ ಹತ್ತಿರ ಸುಳಿಯಬಾರದೆಂದು ಅವನ ಮೇಲೆ ಕೋರ್ಟಿನದೇ ಆದೇಶವಿತ್ತು. ಎರಡು ವರ್ಷದ ಕೆಳಗೆ ಅವಳ ಬಲಗೈ ಮಣಿಕಟ್ಟು ಮುರಿದವನೂ ಅವನೇ. ಆದರೂ ಈಗ ಕೊಲೆ ಕೇಸು ಬಿದ್ದದ್ದು ಡೆಲ್ಲಾಳ ಮೇಲೆ. ಅವಳ ಆರು ವರ್ಷದ ಮಗಳು ಐವಿಯನ್ನು ಕೇಸು ಮುಗಿಯುವವರೆಗೆ ಸತ್ತವನ ತಾಯಿಯ ಮನೆಯಲ್ಲಿ ಇಡಬೇಕೆಂದು ತೀರ್ಪಾಗಿತ್ತು. ಎಂಥಾ ನ್ಯಾಯವಪ್ಪ ಇದು!

ಸರ್ಕಾರಿ ವಕೀಲ ನಲವತ್ತರ ಆಸುಪಾಸಿನ, ಗರಿಗರಿ ಅಂಗಿಯ ಮನುಷ್ಯ. ಮೊದಲು ಟ್ರಿಗರಿನ ವಿಷಯ ಹಿಡಿದ. ಕಂಪನಿಯಿಂದ ಬಂದ ಡೆಲ್ಲಾಳ ಪಿಸ್ತೂಲಿನ ಟ್ರಿಗರ್ ಯಾಕೆ ಹಗುರ ಮಾಡಿದಿರಿ, ಮುಟ್ಟಿದರೆ ಸಿಡಿಯುವಂತೆ ಮಾಡಿಕೊಟ್ಟಿರಾ ಎಂದು ಕೇಳಿದ. ಈ ಪ್ರಶ್ನೆಗೆ ವರ್ನಾ ಏಳು ತಿಂಗಳಿಂದ ಹಲ್ಲು ಮಸೆದು ಕಾದಿದ್ದಳು. ಮುರಿದು ಕೂಡಿದ ಮಣಿಕಟ್ಟಿಗೆ ಅಷ್ಟು ಬಿಗಿ ಎಳೆಯಲು ತ್ರಾಣವಿಲ್ಲ ಎಂಬ ಡಾಕ್ಟರ ಚೀಟಿ ನೋಡಿದ ಮೇಲೇ ತಾನು ಕೈ ಹಾಕಿದ್ದು, ಹಗುರ ಮಾಡಿದ್ದೂ ಕೊಂಚವೇ, ಎಳೆಯಲು ಬೇಕಾದ ಬಲ ಮುಂಚೆ ಎಷ್ಟಿತ್ತು ಆಮೇಲೆ ಎಷ್ಟಾಯಿತು ಎಂದು ತೂಗಿ ಬರೆದಿಟ್ಟಿದ್ದೇನೆ ಎಂದು ಪಟಪಟನೆ ಹೇಳಿದಳು. ಅವಳ ಅಂಗಡಿಯ ಕೆಲಸದ ಚೀಟಿ ಜ್ಯೂರಿಯವರ ಕೈಯಿಂದ ಕೈಗೆ ಹೋಯಿತು.

"ಮೂವತ್ತೆರಡು ವರ್ಷದಲ್ಲಿ ನನ್ನ ಅಂಗಡೀಲಿ ಚೀಟಿ ಇಲ್ದೆ ಒಂದು ಸ್ಕ್ರೂ ಕೂಡ ತಿರುಗಿಲ್ಲ, ಸಾರ್. ಎಲ್ಲಾ ಬರೆದಿಡ್ತೀನಿ," ಎಂದಳು.

ವಕೀಲ ವಾದ ಮಾಡಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿದ್ದ ಒಂದು ಪುಟ್ಟ ತಗಡನ್ನು ಅವಳ ಮುಂದೆ ಹಿಡಿದ. ಪಿಸ್ತೂಲಿನ ಹಿಂಬದಿಗೆ ಕೂರುವ ತಗಡು ಅದು, ಹೆಬ್ಬೆರಳಿನ ಉಗುರಿನಷ್ಟು. ಕಂಪನಿಯದು ಬರೀ ಕಪ್ಪು. ಇದರ ಮೇಲೆ ಎರಡು ಪದ ಕೆತ್ತಿತ್ತು: ಕ್ಷಮೆ ಖಾಲಿ.

ಕೆತ್ತಿಸಿ ತಂದವನು ಡೆಲ್ಲಾಳ ಅಪ್ಪ, ವರ್ನಾಳ ತಮ್ಮ ಡಿಲರ್ಡ್. ಸೆಪ್ಟೆಂಬರಿನಲ್ಲಿ ಮಗಳ ಹುಟ್ಟುಹಬ್ಬಕ್ಕೆ ಅವನಿಗೆ ಹೊಳೆದ ತಮಾಷೆ ಅದು. ಆ ಊರಲ್ಲಿ ಅಂಥ ತಮಾಷೆ ಯಾರಿಗೂ ಹೊಸದಲ್ಲ. ಒಬ್ಬ ತಲೆಬುರುಡೆ ಕೆತ್ತಿಸುತ್ತಾನೆ, ಇನ್ನೊಬ್ಬ ಹೆಂಡತಿಯ ಹೆಸರು. ವರ್ನಾ ನಕ್ಕು ತಾನೇ ಕೂರಿಸಿಕೊಟ್ಟಿದ್ದಳು. ಡೆಲ್ಲಾ ಅಪ್ಪನ ಮುಖ ನೋಡಿ, ಬೇಡ ಅನ್ನಲಾಗದೆ ಮುಗುಳ್ನಕ್ಕಿದ್ದಳು. ತಮ್ಮ ತಂದದ್ದು, ತಾನು ಕೂರಿಸಿದ್ದು ಎಂದು ವರ್ನಾ ಒಪ್ಪಿಕೊಂಡಳು.

"ಆಮೇಲೆ ನಿಮ್ಮ ಸೋದರಸೊಸೆ ಎರಡು ತಿಂಗಳು ಇದನ್ನ ಸೊಂಟದಲ್ಲಿ ಇಟ್ಕೊಂಡು ಓಡಾಡಿದರು. ಒಮ್ಮೆಯಾದರೂ ತೆಗೆಸಿದರಾ?"

ಡೆಲ್ಲಾ ತಲೆಯೆತ್ತಿ ಅತ್ತೆಯನ್ನೇ ನೋಡುತ್ತಿದ್ದಳು.

"ಇಲ್ಲ," ಎಂದಳು ವರ್ನಾ.

ವಕೀಲ ಜ್ಯೂರಿಯ ಕಡೆ ತಿರುಗಿ, ಈ ಹೆಂಗಸು ಹೆದರಿ ಹೊಡೆದವಳಲ್ಲ, ಹೊಡೆಯಲು ಕಾದಿದ್ದವಳು. ತನ್ನ ಮನಸ್ಸಿನಲ್ಲಿದ್ದದ್ದನ್ನು ಬಂದೂಕಿನ ಮೇಲೇ ಬರೆಸಿಕೊಂಡಿದ್ದಾಳೆ ಎಂದ. ಜ್ಯೂರಿಯಲ್ಲಿದ್ದ ಒಬ್ಬ ಮುದುಕಿ ಮುಖ ಸಿಂಡರಿಸಿಕೊಂಡು ಡೆಲ್ಲಾಳನ್ನು ನೋಡಿದಳು. ವರ್ನಾ ಕುರ್ಚಿಯಿಂದಿಳಿದು ಹೊರಗೆ ಬರುವಾಗ ಆ ವಕೀಲನಿಗೆ, ಅವನನ್ನು ಓದಿಸಿದವರಿಗೆ, ಅವನ ಅಂಗಿ ಇಸ್ತ್ರಿ ಮಾಡಿದವರಿಗೆಲ್ಲ ಮನಸ್ಸಿನಲ್ಲೇ ಶಾಪ ಹಾಕಿದಳು. ಎರಡು ಪದಕ್ಕೆ ಒಬ್ಬ ತಾಯಿಯನ್ನು ಜೈಲಿಗೆ ಕಳಿಸುತ್ತಾನಂತೆ!

ಸಂಜೆ ಐದಕ್ಕೆ ಅಂಗಡಿಯ ಬಾಗಿಲು ತೆಗೆದು ಕಾಫಿಗೆ ನೀರಿಡುವಷ್ಟರಲ್ಲಿ ಡಿಲರ್ಡ್ ಬಂದ. ಬಂದೂಕು ಲೈಸೆನ್ಸ್ ತೆಗೆದುಕೊಳ್ಳುವವರಿಗೆ ಪ್ರತಿ ಶನಿವಾರ ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ ಪಾಠ ಮಾಡುವ ಮೇಷ್ಟ್ರು ಅವನು: ಯಾವಾಗ ಹೊಡೆಯಬಹುದು, ಯಾವಾಗ ಹೊಡೆಯಬಾರದು, ಪೊಲೀಸರ ಮುಂದೆ ಏನು ಬಾಯಿಬಿಡಬಾರದು. ಬೇಲಿಗೆ ಒರಗಿದಂತೆ ಗಾಜಿನ ಕಪಾಟಿಗೆ ಒರಗಿ ನಿಂತು ಅಕ್ಕನಿಗೇ ಪಾಠ ಶುರು ಮಾಡಿದ. ಟ್ರಿಗರ್ ವಿಷಯದಲ್ಲಿ ಚೆನ್ನಾಗಿ ಮಾತಾಡಿದೆ, ತಗಡು ಬಂದಾಗ ಮೆತ್ತಗಾಗಿಬಿಟ್ಟೆ ಎಂದ.

"ನನ್ನ ಕ್ಲಾಸಲ್ಲಿ ಮೊದಲನೇ ಪಾಠಾನೇ ಅದು ಅಕ್ಕ. ಜ್ಯೂರಿ ಓದಬಾರದ್ದನ್ನ ಬಂದೂಕಿನ ಮೇಲೆ ಬರೀಬೇಡಿ."

ವರ್ನಾಳ ಕೈಯಲ್ಲಿದ್ದ ಲೋಟ ಮೇಜಿನ ಮೇಲೆ ಠಕ್ಕೆಂದು ಕೂತಿತು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ! ಊರಿಗೆಲ್ಲ ಬುದ್ಧಿ ಹೇಳುವ ಈ ಗಂಡು ತನ್ನ ಮಗಳ ಪಿಸ್ತೂಲಿಗೆ ಬರೆಸಿ ತಂದದ್ದೇನು? ಅವಳು ಬಾಯಿಗೆ ಬಂದದ್ದೆಲ್ಲ ಅಂದಳು. ಮಗಳ ಹುಟ್ಟುಹಬ್ಬಕ್ಕೆ ಸರ ತರುತ್ತಾರೆ, ಬಳೆ ತರುತ್ತಾರೆ, ನೀನು ಉರುಲು ತಂದೆಯಲ್ಲೋ ಎಂದಳು. ಡಿಲರ್ಡ್‌ನ ಮುಖ ಕೆಂಪಾಯಿತು. ತಂದವನು ನಾನಾದರೆ ಹಲ್ಲು ಕಿರಿದು ಕೂರಿಸಿದವಳು ಯಾರು ಎಂದು ತಿರುಗಿ ಕೇಳಿದ. ಅವನು ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು.

"ಹೋಗ್ಲಿ, ನಮ್ಮಿಬ್ಬರದೂ ತಮಾಷೆ ಅಂತಿಟ್ಕೋ. ಅವಳಿಗೆ ಬುದ್ಧಿ ಬೇಡ್ವಾ? ಬೇಡ ಅನ್ಸಿದ್ರೆ ತೆಗೆಸ್ಬೋದಿತ್ತಲ್ಲ, ಪೆದ್ದಿ."

"ಆಚೆ ನಡಿ," ಎಂದಳು ವರ್ನಾ.

"ಏನಂದೆ ಈಗ ನಾನು?"

"ನಡಿಯೋ ಆಚೆ. ಇನ್ನೊಂದು ಮಾತಾಡಿದ್ರೆ ನಾನು ನಿನ್ನ ಅಕ್ಕ ಅನ್ನೋದನ್ನೂ ಮರೀತೀನಿ."

ಅವನು ಹೋದ ಮೇಲೆ ಅವಳು ಬಾಗಿಲಿಗೆ ಚಿಲಕ ಹಾಕಿ ಕೆಲಸದ ಮೇಜಿನ ಕೆಳಗಿನ ಡ್ರಾಯರ್ ಎಳೆದಳು. ಮೇಲೆ ಹಳೆಯ ಕ್ಯಾಟಲಾಗು, ಅದರ ಕೆಳಗೆ ಅರದ ಪೊಟ್ಟಣ, ಅದರ ಕೆಳಗೆ ಒಂದು ಹಳದಿ ಚೀಟಿ. ಎಲ್ಲಿದೆ ಎಂದು ಹುಡುಕಬೇಕಾಗಿರಲಿಲ್ಲ, ಇಟ್ಟವಳು ಅವಳೇ. ಗುಂಡು ಹಾರಿದ ಭಾನುವಾರ ಸಂಜೆ ಮೊಳೆಗೆ ಚುಚ್ಚಿದ್ದ ಚೀಟಿಗಳ ಗುಚ್ಛದಿಂದ ಕಿತ್ತು ಇಲ್ಲಿ ಹೂತಿದ್ದಳು. ಈ ಪಿಸ್ತೂಲಿಗೆ ಸಂಬಂಧಿಸಿದ ಕಾಗದವೆಲ್ಲ ಕೊಡಿ ಎಂದು ಡೆಲ್ಲಾಳ ವಕೀಲೆ ಕೇಳಿದಾಗ ಟ್ರಿಗರಿನ ಚೀಟಿ ಕೊಟ್ಟು ಕೈತೊಳೆದುಕೊಂಡಿದ್ದಳು. ನಂಬರು ೨೨೧೮. ಅದರ ಮೇಲೆ ಅವಳದೇ ದುಂಡಗಿನ ಅಕ್ಷರದಲ್ಲಿ: ಡೆಲ್ಲಾ. ಕೆತ್ತಿದ ತಗಡು ತೆಗೆದು ಕಪ್ಪು ತಗಡು ಹಾಕುವುದು. ಸೋಮವಾರ.

ಡೆಲ್ಲಾ ಬಂದದ್ದು ಗುಂಡು ಹಾರಿದ ಭಾನುವಾರಕ್ಕೆ ಮೂರು ದಿನ ಮುಂಚೆ, ಗುರುವಾರ, ಶನಿವಾರ ಜಿಂಕೆ ಬೇಟೆ ಶುರುವಾಗಬೇಕು ಅನ್ನುವಾಗ. ಆ ವಾರ ಬಂದೂಕು ರಿಪೇರಿಯವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ವರ್ಷವೆಲ್ಲ ಅಟ್ಟದ ಮೇಲೆ ಧೂಳು ತಿನ್ನುವ ರೈಫಲ್ಲುಗಳು ಆಗಲೇ ಇಳಿದು ಬರುತ್ತವೆ, ದುರ್ಬೀನು ಕೂರಿಸಿ, ಗುರಿ ಸರಿಮಾಡಿ, ಇವತ್ತೇ ಬೇಕು ಎಂದು. ಆವತ್ತು ಮೇಜಿನ ಮೇಲೆ ಹದಿನಾಲ್ಕು ಇದ್ದವು. ಡೆಲ್ಲಾ ನಾಚಿಕೊಂಡೇ ಕೇಳಿದ್ದಳು. ಐವಿಗೆ ಈಗ ತಾನೇ ಓದಲು ಬರುತ್ತಿದೆ, ಸೊಂಟದ ಹತ್ತಿರ ಇಣುಕಿ ಅಕ್ಷರ ಕೂಡಿಸಿ ಓದಿದಳು, ಅಮ್ಮಾ ಕ್ಷಮೆ ಖಾಲಿ ಅಂದ್ರೇನು ಅಂತ ಕೇಳ್ತಾಳೆ, ಅಪ್ಪನಿಗೆ ಹೇಳಬೇಡ, ತೆಗೆದುಬಿಡು ಅತ್ತೆ ಎಂದು. ಕಪ್ಪು ತಗಡುಗಳು ಕಾಫಿ ಡಬ್ಬಿಯ ತುಂಬ ಇದ್ದವು, ಕೈಯಳತೆಯಲ್ಲೇ.

"ಐದು ನಿಮಿಷದ ಕೆಲಸ ಅಲ್ವಾ ಅತ್ತೆ?"

"ಐದು ನಿಮಿಷಾನೇ. ಅದಕ್ಕೇ ಹೇಳ್ತಿರೋದು, ಸೋಮವಾರ ಬಾ."

ಏಳು ತಿಂಗಳಿಂದ ವರ್ನಾ ವಕೀಲನನ್ನು ಬೈದಳು, ತಮ್ಮನನ್ನು ಬೈದಳು, ಸತ್ತ ಟ್ರೆಂಟ್‌ನನ್ನು ಗೋರಿಯಲ್ಲೂ ಬಿಡದೆ ಬೈದಳು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು, ಅವಳು ಊರವರ ತಟ್ಟೆಯ ನೊಣ ಎಣಿಸುತ್ತಿದ್ದಳು. ಚೀಟಿ ಹೊರಬಂದರೆ ಅಂಗಡಿಯ ಹೆಸರು ಕೆಡುತ್ತದೆ, ಕೇಸು ಅದಿಲ್ಲದೆಯೂ ನಿಲ್ಲುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಇವತ್ತು ಆ ಮುದುಕಿಯ ಮುಖ ನೋಡಿದ ಮೇಲೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಚೀಟಿಯನ್ನೂ ಚೀಟಿ ಪುಸ್ತಕವನ್ನೂ ಡೆಲ್ಲಾಳ ವಕೀಲೆ ಹ್ಯಾರಿಯೆಟ್ ಬೋಲ್ಸ್‌ಳ ಮೇಜಿನ ಮೇಲಿಟ್ಟಳು. ಹ್ಯಾರಿಯೆಟ್ ಓದಿ, ಕನ್ನಡಕ ತೆಗೆದು, ನಿಮ್ಮ ಮೇಲೆ ಕೂಗಾಡಲು ನನಗೀಗ ಸಮಯವಿಲ್ಲ ಎಂದಳು. ಕೋರ್ಟಿನಲ್ಲಿ ಸರ್ಕಾರಿ ವಕೀಲ ಆಕ್ಷೇಪಿಸಿದ. ಜಡ್ಜು ಎರಡೂ ಕಡೆಯವರನ್ನು ಕರೆದು ಮಾತಾಡಿ, ಕೊನೆಗೆ ಒಪ್ಪಿದರು. ವರ್ನಾ ಮತ್ತೆ ಅದೇ ಕುರ್ಚಿ ಹತ್ತಿ ಚೀಟಿಯನ್ನು ಗಟ್ಟಿಯಾಗಿ ಓದಿದಳು. ಡೆಲ್ಲಾ ಹೇಳಿದ್ದೆಲ್ಲವನ್ನೂ ಹೇಳಿದಳು, ಐವಿಯ ಪ್ರಶ್ನೆಯನ್ನೂ ಸೇರಿಸಿ. ಮುದುಕಿ ಈ ಸಲ ಮುಖ ಸಿಂಡರಿಸಿದ್ದು ವರ್ನಾಳನ್ನು ನೋಡಿ.

ಸರ್ಕಾರಿ ವಕೀಲ ಎದ್ದ. ಇದು ಸೋದರಸೊಸೆಯನ್ನು ಉಳಿಸಲು ನಿನ್ನೆ ಸಂಜೆ ಬರೆದ ಚೀಟಿಯಲ್ಲ ಅನ್ನುವುದಕ್ಕೆ ಏನು ಗ್ಯಾರಂಟಿ ಎಂದು ಕೇಳಿದ.

"ಪುಸ್ತಕದಲ್ಲಿ ನಂಬರು ಅಚ್ಚಾಗಿ ಬರುತ್ತೆ ಸಾರ್, ಕಾರ್ಬನ್ ಪ್ರತಿ ಅದರಲ್ಲೇ ಉಳಿಯುತ್ತೆ. ಇವಳದು ೨೨೧೮. ೨೨೧೯ ನೋಡಿ."

ವಕೀಲ ಹಾಳೆ ತಿರುವಿದ. ಅವನ ಕೈ ನಿಂತಿತು.

"ಅದರ ಮೇಲಿರೋದು ನಿಮ್ಮ ಸಹಿ, ಅದೇ ಗುರುವಾರದ ತಾರೀಖು. ನಿಮ್ಮ ರೈಫಲ್ಲಿಗೆ ದುರ್ಬೀನು. ಅವತ್ತೇ ಬೇಕು ಅಂದ್ರಿ, ಅಲ್ಲೇ ನಿಂತು ಮಾಡಿಸ್ಕೊಂಡು ಹೋದ್ರಿ. ಇವಳನ್ನ ಕಳಿಸಿ ನಿಮ್ಮ ಕೆಲಸ ಮಾಡ್ದೆ. ಜಿಂಕೆ ಸಿಕ್ತಾ, ಸಾರ್?"

ಯಾರೋ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು. ಜಡ್ಜು ಮೇಜು ಕುಟ್ಟಿದರು. ವಕೀಲ ಪುಸ್ತಕ ಮುಚ್ಚಿ ತನ್ನ ಜಾಗಕ್ಕೆ ಹೋಗಿ ಕೂತ.

ಮರುದಿನ ಮಧ್ಯಾಹ್ನ ಜ್ಯೂರಿ ಎರಡು ಗಂಟೆಯೊಳಗೆ ವಾಪಸು ಬಂದು ನಿರ್ದೋಷಿ ಎಂದಿತು. ಡೆಲ್ಲಾಳ ಕಾಲಿನ ಪಟ್ಟಿಯನ್ನು ಅಲ್ಲೇ ಬಿಚ್ಚಿದರು. ಡಿಲರ್ಡ್ ಹೊರಗೆ ಸಿಕ್ಕಸಿಕ್ಕವರ ಕೈ ಕುಲುಕುತ್ತ, ಶನಿವಾರದ ಕ್ಲಾಸಿಗೆ ಇದನ್ನೇ ಪಾಠ ಮಾಡುತ್ತೇನೆ ಎನ್ನುತ್ತಿದ್ದ. ಅವನಿಗೆ ಬಾರಿಸಬೇಕೆಂದು ಹೊರಟ ವರ್ನಾ ಮೆಟ್ಟಿಲ ಮೇಲೆ ನಿಂತಿದ್ದ ಡೆಲ್ಲಾಳನ್ನು ಕಂಡು ನಿಂತಳು. ಅವಳ ಪಾದದ ಮೇಲ್ಭಾಗದಲ್ಲಿ ಪಟ್ಟಿ ಉಜ್ಜಿದ ಜಾಗ ಬೆಳ್ಳಗಾಗಿತ್ತು. ತಪ್ಪಾಯಿತು, ಆ ಗುರುವಾರವೇ ಮಾಡಿಕೊಡಬೇಕಿತ್ತು ಎಂದಳು ವರ್ನಾ.

"ಗುರುವಾರದ್ದು ಬಿಡು ಅತ್ತೆ. ಅವತ್ತು ನಿಂಗೆ ಕೆಲಸ ಇತ್ತು," ಎಂದಳು ಡೆಲ್ಲಾ. ದನಿ ಏರಿಸಲಿಲ್ಲ. "ಐವಿಗೆ ಮುಂದಿನ ಎರಡು ಹಲ್ಲು ಬಿದ್ದು, ಹೊಸಾವು ಬಂದಿವೆ. ಟ್ರೆಂಟ್‌ನ ತಾಯಿ ಫೋಟೋ ಕಳಿಸಿದ್ಲು. ನೀನು ನಿನ್ನೆ ಕೊಟ್ಟ ಚೀಟಿ ಇಷ್ಟು ದಿನ ಎಲ್ಲಿತ್ತು?"

"ಡ್ರಾಯರಲ್ಲಿ."

"ಡ್ರಾಯರ್ ಎಳೆಯೋಕೆ ಎಷ್ಟು ನಿಮಿಷ ಬೇಕಿತ್ತು?"

ಬೈಯಲು ಯಾರಾದರೂ ಸಿಗುತ್ತಾರೇನೋ ಎಂಬಂತೆ ವರ್ನಾ ಸುತ್ತ ನೋಡಿದಳು. ಡೆಲ್ಲಾ ಉತ್ತರಕ್ಕೆ ಕಾಯದೆ, ಮಗಳನ್ನು ಕರೆತರಲು ಕಾರಿನ ಕಡೆ ನಡೆದಳು.