ಜರ್ಮನಿ ಕ್ಯಾಮರಾಕ್ಕೆ ರಷ್ಯಾದ ಲೆನ್ಸು

ಎಂಬತ್ನಾಲ್ಕರ ಮಳೆಗಾಲ ಅಣ್ಣಿಗೇರಿಯ ಫೋಟೋಗ್ರಾಫರ್ ಪ್ರಭಂಜನ ದೇಸಾಯಿಯ ಲೆನ್ಸನ್ನು ತಿಂದು ಹಾಕಿತು. ಸುಳ್ಳಲ್ಲ, ತಿಂದೇ ಹಾಕಿತು. ಗಾಜಿನೊಳಗೆ ಬೂಷ್ಟು ಹಿಡಿದು ಜೇಡರ ಬಲೆಯಂತೆ ಹಬ್ಬಿತು. ಫೋಟೋದಲ್ಲಿ ಮದುಮಕ್ಕಳೆಲ್ಲ ಹೊಗೆಯಲ್ಲಿ ನಿಂತು ಹಾರ ಹಾಕಿಕೊಂಡವರಂತೆ ಬರತೊಡಗಿದರು.

ಕ್ಯಾಮರಾ ಅವನ ಕಾಕಾ ಕೃಷ್ಣಾಜಿ ಬಿಟ್ಟುಹೋದದ್ದು. ಜರ್ಮನಿಯದು. ಅದರ ಬಾಯಿಗೆ ಮೂರು ಹಲ್ಲು. ಆ ಹಲ್ಲುಗಳಿಗೆ ಕಚ್ಚಿಕೊಳ್ಳುವ ಲೆನ್ಸನ್ನು ಬೇರೆ ಯಾವ ಕಂಪನಿಯೂ ಮಾಡುತ್ತಿರಲಿಲ್ಲ. ಹುಬ್ಬಳ್ಳಿಯ ಅಂಗಡಿಯವನು ಅದನ್ನು ಹಿಂದೆ ಮುಂದೆ ತಿರುವಿ ನೋಡಿ ನಕ್ಕ.

“ಇದರ ಬಾಯಿಗೆ ಹೊಂದೂ ಲೆನ್ಸ್ ಇಡೀ ಹಿಂದೂಸ್ತಾನದಾಗ ಸಿಗಂಗಿಲ್ರಿ. ರಷ್ಯಾದ್ದೊಂದು ಹಳೇದೈತಿ, ಸ್ಕ್ರೂ ತಿರುವಿ ಕೂಡಸೂದು. ಸ್ವಲ್ಪ ಉದ್ದ. ಮಾರಿ ಅಗದಿ ಚಂದ ಬರತಾವ. ದೂರಿದ್ದದ್ದನ್ನೂ ಹತ್ರ ಎಳೀತೈತಿ. ಆದ್ರ ಅದನ್ನ ಇದಕ್ಕ ಕೂಡಸೂದು ನಿಮ್ಮ ನಸೀಬ.”

ನಸೀಬು ಎಂದರೆ ಮಶಾಕಸಾಬ. ಪಂಪ್‌ಸೆಟ್ಟು ರಿಪೇರಿ ಮಾಡುವ ಅವನ ಲೇಥು ಪ್ರಭಂಜನನ ಸ್ಟುಡಿಯೋದ ಬಾಜುವಿಗೇ ಇತ್ತು. ಹಿತ್ತಾಳೆಯ ತುಂಡೊಂದನ್ನು ಕಡೆದು, ಒಳಗೆ ಸ್ಕ್ರೂ, ಹೊರಗೆ ಮೂರು ಹಲ್ಲು ಕೂಡಿಸಿ, ಒಂದು ಬಳೆಯಂಥ ರಿಂಗ್ ಮಾಡಿಕೊಟ್ಟ. ಲೆನ್ಸು ರಿಂಗಿಗೆ, ರಿಂಗು ಕ್ಯಾಮರಾಕ್ಕೆ. ಟಕ್ ಎಂದು ಕೂತಿತು. ಇಬ್ಬರೂ ಮಕ್ಕಳಂತೆ ಕೇಕೆ ಹಾಕಿದರು.

ಪರೀಕ್ಷೆಗೆ ಪ್ರಭಂಜನ ಕ್ಯಾಮರಾದ ಬೆನ್ನು ತೆರೆದು, ರೀಲು ಕೂರುವ ಜಾಗಕ್ಕೆ ಬಟರ್ ಪೇಪರ್ ಅಂಟಿಸಿ, ಮಶಾಕಸಾಬನನ್ನೇ ಸ್ಟೂಲಿನ ಮೇಲೆ ಕೂರಿಸಿದ. ಕಾಗದದ ಮೇಲೆ ಬಿಂಬ ಮೂಡಿತು.

“ಏನ್ ಕಾಣತೈತ್ರಿ ದೇಸಾಯರ?”

“ನೀ ತಲಿಕೆಳಗಾಗಿ ಕಾಣ್ತೀ.”

“ನಮ್ಮ ಮನ್ಯಾಕಿನೂ ಹಂಗ ಅಂತಾಳ್ರಿ, ಇವನ ತಲಿ ಕೆಳಗಾಗೇತಿ ಅಂತ.” ಸ್ಟೂಲಿನಿಂದ ಎದ್ದು ಬಂದು ಮಶಾಕಸಾಬ ರಿಂಗನ್ನು ಉಗುರಿನಿಂದ ಕೆರೆದ. “ಚೂರ ದಪ್ಪ ಅನಸ್ತೈತಿ. ಇನ್ನೊಂದೀಟ ತೆಗೀಲೇನ್ರಿ?”

“ಬ್ಯಾಡೋ ಮಾರಾಯಾ, ತೆಳ್ಳಗಾದ್ರ ಸೀಳ್ತದ. ನಿನ್ನ ಗಡ್ಡದ ಒಂದೊಂದ ಕೂದಲಾ ಎಣಸಬಹುದು. ಇನ್ನೇನ ಬೇಕು?”

ಬೇಕಾದದ್ದು ಒಂದಿತ್ತು. ರಿಂಗು ದಪ್ಪಗಿದ್ದರೆ ಲೆನ್ಸು ರೀಲಿನಿಂದ ಕೂದಲೆಳೆಯಷ್ಟು ದೂರ ನಿಲ್ಲುತ್ತದೆ. ಆಗ ಅದು ಹತ್ತಿರದ್ದನ್ನು ಸೂಜಿಮೊನೆಯಷ್ಟು ಚೊಕ್ಕವಾಗಿ ಹಿಡಿಯುತ್ತದೆ, ದೂರದ್ದನ್ನು ಎಷ್ಟು ತಿರುವಿದರೂ ಹಿಡಿಯುವುದಿಲ್ಲ. ಪಕ್ಕದಲ್ಲೇ ಬಾಗಿಲು ತೆರೆದಿತ್ತು, ರಸ್ತೆಯಾಚೆ ಬಸ್ ನಿಲ್ದಾಣವಿತ್ತು. ಕ್ಯಾಮರಾವನ್ನು ಅತ್ತ ಒಮ್ಮೆ ತಿರುಗಿಸಿದ್ದರೆ ಕಾಗದದ ಮೇಲೆ ಗೊತ್ತಾಗಿಬಿಡುತ್ತಿತ್ತು. ಅವನಿಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಗಿರಾಕಿಗಳೆಲ್ಲ ಪರದೆ ಮುಂದಿನ ಬೆಂಚಿನ ಮೇಲೆ ಕೂರುವವರು. “ನಮ್ಮ ಸೀಮ್ಯಾಗ ದೂರ ಅಂದ್ರ ಏನದ?” ಎಂದು ಅವನೇ ಚೇಷ್ಟೆ ಮಾಡುತ್ತಿದ್ದ. “ಕೆಳಗ ಎರಿ ಮಣ್ಣು, ಮ್ಯಾಲ ಆಕಾಶ. ಅದರ ಫೋಟೋಕ್ಕ ರೊಕ್ಕ ಯಾರ ಕೊಡ್ತಾರ?”

ಇನ್ನೊಂದು ತೊಡಕೂ ಇತ್ತು. ಅದು ಲೆನ್ಸಿನೊಳಗಿಂದ ನೋಡುವ ಕ್ಯಾಮರಾ ಅಲ್ಲ. ಮೇಲೊಂದು ಪುಟ್ಟ ಗಾಜಿನ ಕಿಟಕಿ. ಅದರಲ್ಲಿ ಕಣ್ಣಿಟ್ಟರೆ ಹತ್ತಿರವೂ ದೂರವೂ ಸದಾ ಸ್ವಚ್ಛ. ಲೆನ್ಸು ಏನು ನೋಡುತ್ತಿದೆ ಎಂಬುದು ರೀಲು ತೊಳೆದ ಮೇಲೆಯೇ ತಿಳಿಯಬೇಕು.

ಸಂಕ್ರಾಂತಿ ಆದ ಮೇಲೆ ಶಲವಡಿಯಿಂದ ಸಾವಿತ್ರೆವ್ವ ಬಂದಳು. ಸಂತೆ ಚೀಲವನ್ನು ಬೆಂಚಿನ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು.

“ನಮ್ಮ ಮನ್ಯಾವರ್ದೊಂದ ಫೋಟೋ ತೆಗೀಬೇಕ್ರಿ. ಖರೆ, ಅವರಿಗೆ ಗೊತ್ತಾಗಬಾರ್ದು.”

“ಗೊತ್ತಾಗದಂಗ ಹ್ಯಾಂಗ ತಗೀಲಿ? ಇಲ್ಲೇ ಕರಕೊಂಡ ಬರ್ರಿ.”

“ಕ್ಯಾಮರಾ ಅಂದ್ರ ಎತ್ತ ಬಿಚ್ಚಿದಂಗ ಓಡತಾರ್ರಿ. ನಮ್ಮ ಮಂದ್ಯಾಗ ಫೋಟೋದವ್ರು ಯಾವಾಗ ಬರತಾರ ನಿಮಗ ಗೊತ್ತಿಲ್ಲೇನು?”

ಗೊತ್ತಿತ್ತು. ಅವನೇ ಹೋಗುತ್ತಿದ್ದವನು. ಸತ್ತವರನ್ನು ಮೀಯಿಸಿ, ಹಣೆತುಂಬ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿ, ಹಾರ ಹಾಕಿ, ಮನೆಮಂದಿಯೆಲ್ಲ ಸುತ್ತ ಕೂತ ಮೇಲೆ ಫೋಟೋದವನಿಗೆ ಕರೆ ಬರುತ್ತಿತ್ತು. ಮದುವೆಗೆ ಫೋಟೋ ಬೇಡವೆಂದ ಮನೆಗಳೂ ಇದಕ್ಕೆ ಬೇಕೆನ್ನುತ್ತಿದ್ದವು. ಸಾವಿತ್ರೆವ್ವನ ಗಂಡ ಹೊಳೆಪ್ಪ ತನ್ನ ತಾಯಿಯನ್ನೂ ಅಣ್ಣನನ್ನೂ ಹಾಗೆಯೇ ಕೂರಿಸಿದ್ದನ್ನು ನೋಡಿದ್ದ. ಹೀಗಾಗಿ ಕ್ಯಾಮರಾ ಎಂದರೆ ಅವನ ಲೆಕ್ಕದಲ್ಲಿ ಹೆಣದ ಮುಂದೆ ಇಡುವ ಸಾಮಾನು.

“ಡಾಕ್ಟರ್ ಅವರ ಎದಿ ಭಾಳ ಸೋತೈತಿ ಅಂದಾರ್ರಿ,” ಎಂದಳು ಸಾವಿತ್ರೆವ್ವ. “ನಮ್ಮ ಗ್ವಾಡಿ ಮ್ಯಾಲ ಇದ್ದಾವ್ರೆಲ್ಲಾ ಕಣ್ಣ ಮುಚ್ಚಿದಾವ್ರು. ನನಗ ಇವರ್ದೊಂದರ ಕಣ್ಣ ತೆರದದ್ದ ಬೇಕ್ರಿ.”

ಪ್ರಭಂಜನನಿಗೆ ಹುಬ್ಬಳ್ಳಿ ಅಂಗಡಿಯವನ ಮಾತು ನೆನಪಾಯಿತು: ದೂರಿದ್ದದ್ದನ್ನೂ ಹತ್ತಿರ ಎಳೆಯುತ್ತದೆ. ಎದೆ ತಟ್ಟಿಕೊಂಡು ಹೇಳಿದ, “ಹೊಲದಾಗ ಅಡಗಿ ಕೂತು ತಗೀತೀನಿ. ನೀವು ಅವರ್ನ ನಗಸ್ರಿ, ಸಾಕು.”

ಅಡಗುವುದು ಎಲ್ಲಿ? ಶಲವಡಿಯ ಹೊಲದಲ್ಲಿ ಮನುಷ್ಯನಿಗೆ ಮರೆಯಾಗಲು ಒಂದು ಗುಡ್ಡವಿಲ್ಲ, ಬಂಡೆಯಿಲ್ಲ. ಇದ್ದದ್ದು ಎದೆಯೆತ್ತರದ ಬಿಳಿಜೋಳ. ದನ ನುಗ್ಗದಿರಲೆಂದು ಅದರ ಸುತ್ತ ಕುಸುಬಿ ಬಿತ್ತಿದ್ದರು. ಅದರ ಮುಳ್ಳು ದೇಸಾಯರ ಮಗನ ತೊಡೆ ತರಚಿಬಿಟ್ಟಿತು. ಬಾಯಿ ಬಿಗಿಹಿಡಿದು ಜೋಳದೊಳಗೆ ಕುಕ್ಕರಿಸಿದ. ಹೊತ್ತು ಇಳಿಯುತ್ತಿತ್ತು. ಬೆಳಕು ಸಾಲದೆಂದು ಲೆನ್ಸಿನ ರಂಧ್ರ ಪೂರ್ತಿ ತೆರೆದ.

ದೂರದಲ್ಲಿ ಬನ್ನಿಗಿಡದ ಕೆಳಗೆ ಹೊಳೆಪ್ಪ ರೊಟ್ಟಿ ತಿನ್ನುತ್ತಿದ್ದ, ಎದುರಿಗೆ ಸಾವಿತ್ರೆವ್ವ ಕೂತಿದ್ದಳು. ಬಯಲಿನಲ್ಲಿ ಮಾತು ಚೆನ್ನಾಗಿ ಹರಿದು ಬರುತ್ತಿತ್ತು.

“ಯಾಕ್ರಿ, ಮಾರಿ ಸುಟ್ಟ ಬದನೀಕಾಯಿ ಮಾಡಿರಿ?”

“ನೀ ಮಾಡಿದ ಪಲ್ಲೆ ತಿಂದರ ಇನ್ನ ಹೆಂಗ ಆಗಬೇಕಬೇ?”

“ತಿನಬ್ಯಾಡ್ರಿ ಹಂಗಾರ. ಎತ್ತಿಗೆ ಹಾಕ್ತೀನಿ.”

“ಅವಕ್ಕರ ಏನ ಪಾಪ ಮಾಡ್ಯಾವ?” ಎಂದು ತನ್ನ ಮಾತಿಗೆ ತಾನೇ ನಕ್ಕ ಹೊಳೆಪ್ಪ. ನಗುತ್ತಲೇ ಜೋಳದ ಕಡೆ ತಿರುಗಿದ. ತೆನೆ ಅಲುಗಿದ್ದು ಕಂಡಿರಬೇಕು, ಕವಣೆ ಹಿಡಿದು ಎದ್ದು ನಿಂತ. “ಯಾವಲೇ ಅದು ಹಂದಿ?”

ಕಿಟಕಿಯೊಳಗೆ ಅವನ ಮುಖವಿತ್ತು. ಅಗಲವಾಗಿ ತೆರೆದ ಕಣ್ಣು, ಇನ್ನೂ ಆರದ ನಗು. ಪ್ರಭಂಜನ ಒತ್ತಿದ. ಮರುಕ್ಷಣ ಕಲ್ಲೊಂದು ಕಿವಿಯ ಬದಿಗೆ ಸುಂಯ್ ಎಂದು ಹೋಯಿತು. ಕ್ಯಾಮರಾ ಅಪ್ಪಿಕೊಂಡು, ಹಂದಿಯಂತೆಯೇ ಬಗ್ಗಿ ಓಡಿದ.

ಊರಬಾಗಿಲ ಹತ್ತಿರ ಸಾವಿತ್ರೆವ್ವ ಬಂದು ಸೇರಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕಾದ ಮೇಲೆ ಅವಳು ಕೇಳಿದಳು.

“ಬಂದೈತಿಲ್ರಿ? ಅನುಮಾನಿದ್ರ ಇನ್ನೊಮ್ಮಿ ಬರ್ರಿ. ನಾ ನಗಸ್ತೀನಿ.”

“ಅನುಮಾನ ಯಾಕ? ಅಗದಿ ಫಸ್ಟ್‌ಕ್ಲಾಸ್ ಬಂದದ.”

ರೀಲನ್ನು ಅವನು ತೊಳೆಯಲಿಲ್ಲ. ಯಾರೂ ಅರ್ಧ ರೀಲು ತೊಳೆಯುತ್ತಿರಲಿಲ್ಲ. ತುಂಬುವವರೆಗೆ ಅದು ಕ್ಯಾಮರಾದಲ್ಲೇ ಇರಬೇಕು. ಬಸುರಿಯೊಬ್ಬಳ ಕುಬಸದ ಕಾರ್ಯ, ಒಂದಿಷ್ಟು ಪಾಸ್‌ಪೋರ್ಟ್ ಸೈಜು, ಮತ್ತೆ ಖಾಲಿ ದಿನಗಳು. ರೀಲು ತುದಿಗೆ ಬಂದಿರುವಾಗ, ಶಿವರಾತ್ರಿಯ ಹಿಂದೆ ಮುಂದೆ, ಶಲವಡಿಯಿಂದ ಸೈಕಲ್ ಮೇಲೆ ಆಳು ಬಂದ. ಹೊಳೆಪ್ಪ ತೀರಿಕೊಂಡಿದ್ದ.

ಪ್ರಭಂಜನ ಹೋದ. ಹೊಳೆಪ್ಪ ಗೋಡೆಗೊರಗಿ ಕೂತಿದ್ದ, ಹಣೆತುಂಬ ವಿಭೂತಿ. ಪಕ್ಕದಲ್ಲಿ ಸಾವಿತ್ರೆವ್ವ. ಅತ್ತು ಅತ್ತು ದನಿ ಹೋಗಿತ್ತು. ಆದರೂ ಕ್ಯಾಮರಾ ಕಂಡಾಗ ಅವಳ ಮುಖದಲ್ಲಿ ಒಂದು ಸಣ್ಣ ನೆಮ್ಮದಿ ಹಾದುಹೋಯಿತು. ಹತ್ತಿರ ಕರೆದು ಪಿಸುಗುಟ್ಟಿದಳು.

“ಇದನ್ನ ಮಂದಿ ಸಲುವಾಗಿ ತಗೀರಿ. ನಂದು ಆಗಲೇ ಐತೆಲ್ಲ.”

ರೀಲು ಅಲ್ಲಿಗೆ ತುಂಬಿತು.

ಕತ್ತಲೆಕೋಣೆಯ ಕೆಂಪು ಬೆಳಕಿನಲ್ಲಿ ಹೊಲದ ಚಿತ್ರ ಮೊದಲು ಮೂಡಿತು. ಕಾಗದವನ್ನು ಮದ್ದಿನ ನೀರಿನಲ್ಲಿ ಅಲ್ಲಾಡಿಸಿದ, ಇನ್ನಷ್ಟು ಹೊತ್ತು ಬಿಟ್ಟ. ದೊಡ್ಡದು ಮಾಡುವ ಯಂತ್ರದ ತಪ್ಪೇನೋ ಎಂದು ಮತ್ತೊಂದು ಕಾಗದಕ್ಕೆ ತೆಗೆದ. ಬಂದದ್ದು ಅದೇ: ಕೈಯೆತ್ತಿದ ಒಂದು ಆಕಾರ, ಮುಖವಿರಬೇಕಾದಲ್ಲಿ ಹಿಟ್ಟು ಚೆಲ್ಲಿದಂಥ ಕಲೆ. ಆಮೇಲೆ ಕೊನೆಯ ಚಿತ್ರ ತೆಗೆದ. ಒಂದೊಂದು ರೆಪ್ಪೆಗೂದಲೂ ಎಣಿಸುವಂತಿತ್ತು. ಮುಚ್ಚಿದ ರೆಪ್ಪೆ.

ಹೊರಗೆ ಬಂದು ಕ್ಯಾಮರಾದ ಬೆನ್ನಿಗೆ ಬಟರ್ ಪೇಪರ್ ಅಂಟಿಸಿ ಬಾಗಿಲ ಕಡೆ ತಿರುಗಿಸಿದ. ಬಸ್ ನಿಲ್ದಾಣ ಕಾಗದದ ಮೇಲೆ ಕರಗಿದ ಬೆಲ್ಲವಾಗಿತ್ತು. ಮಶಾಕಸಾಬ ಕಾಗದ ನೋಡಿ ರಿಂಗನ್ನು ಒಯ್ದು ತುಸು ತೆಗೆದುಕೊಟ್ಟ. ಅಷ್ಟು ಸಣ್ಣ ಕೆಲಸ: ಪ್ರಭಂಜನನ ಮುಂದಿಟ್ಟ ಚಹಾ ಇನ್ನೂ ಬಿಸಿಯಿತ್ತು.

ಕಾರ್ಯ ಮುಗಿದ ಮೇಲೆ ಸಾವಿತ್ರೆವ್ವ ಬಂದಳು. ಅವನು ಎರಡೂ ಚಿತ್ರ ಮುಂದಿಟ್ಟ. ಅವಳು ಹೊಲದ ಚಿತ್ರವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಬಾಗಿಲ ಬೆಳಕಿಗೆ ಒಯ್ದಳು.

“ಇದು ಯಾರಿದ್ರೂ ಇರಬಹುದಲ್ರಿ.”

“ತಪ್ಪು ನಂದು, ಅವ್ವಾ. ಮತ್ತೊಮ್ಮೆ ಬಾ ಅಂದಿದ್ರಿ, ನಾ ಬರಲಿಲ್ಲ.” ಅವನು ಇನ್ನೊಂದು ಚಿತ್ರ ಎತ್ತಿಕೊಂಡ. “ಇದಕ್ಕ ಕಣ್ಣ ಬರೀತೀನಿ. ತೆರದಂಗ. ನನಗ ಬರ್ತದ. ಹ್ಯಾಂಗಿದ್ವು ಹೇಳ್ರಿ.”

“ದೊಡ್ಡವು. ಅಲ್ರಿ, ಅಷ್ಟೇನ ದೊಡ್ಡವಲ್ಲ. ನಗುಮುಂದ ಎಡಗಣ್ಣು...” ಅವಳು ತಡೆದಳು. “ಬಲಗಣ್ಣೇನು? ನೋಡ್ರಿ, ದಿನಾ ನೋಡಿದ್ದು, ಹೇಳಾಕ ಬರವಲ್ದು.”

ಪ್ರಭಂಜನ ಬೇರೆಲ್ಲ ಕೆಲಸ ಬದಿಗಿಟ್ಟ. ಒಂದೇ ಕೂದಲಿನಂಥ ಕುಂಚದಿಂದ ರೆಪ್ಪೆಯ ಮೇಲೆ ಬಿಳಿ ಎಳೆದ, ಬಿಳಿಯ ನಡುವೆ ಕಪ್ಪು, ಕಪ್ಪಿನೊಳಗೆ ಬೆಳಕಿನ ಒಂದು ಚುಕ್ಕಿ. ಜೀವಮಾನದಲ್ಲಿ ಅಷ್ಟು ಶ್ರದ್ಧೆಯಿಂದ ಅವನು ಏನನ್ನೂ ಮಾಡಿರಲಿಲ್ಲ. ಹೊಳೆಪ್ಪ ಎಚ್ಚೆತ್ತು ನೋಡುತ್ತಿರುವಂತೆ ಆಯಿತು.

ಮುಂದಿನ ಸಂತೆಗೆ ಬಂದ ಸಾವಿತ್ರೆವ್ವ ಅದನ್ನು ಬಹಳ ಹೊತ್ತು ನೋಡಿದಳು. ಅವನ ಮನಸ್ಸು ನೋಯಬಾರದೆಂಬಂತೆ ಮೆಲ್ಲಗೆ ಹೇಳಿದಳು.

“ಭಾಳ ಚಲೋ ಬರದೀರಿ. ಜೀವಂತ ಅನಸ್ತಾವು.” ಮತ್ತೆ ನೋಡಿದಳು. “ಖರೆ, ಈ ಕಣ್ಣು ನನ್ನ ಗುರ್ತ ಹಿಡೀವಲ್ವು.”

ಅವನೂ ಬಗ್ಗಿ ನೋಡಿದ. ಅವು ಅವನ ಸ್ಟುಡಿಯೋದ ಬೆಂಚಿನ ಮೇಲೆ ಕೂತು ಹೋದ ಎಷ್ಟೋ ಮಂದಿಯ ಕಣ್ಣು.

“ಅಳಿಸಿಬಿಡ್ರಿ,” ಎಂದಳು. “ಮುಚ್ಚಿದ್ದಾದರ ಅವರ್ದ ಐತಿ.”

ಪ್ರಭಂಜನ ಅರಳೆಯನ್ನು ನೀರಿನಲ್ಲಿ ಅದ್ದಿದ. ಸಾವಿತ್ರೆವ್ವ ಮುಖ ತಿರುಗಿಸಿ ರಸ್ತೆ ನೋಡುತ್ತ ಕೂತಳು. ನೀರಿನ ಬಣ್ಣ, ಒಂದು ಕಣ್ಣು ಒಂದೇ ಒರೆಸಿಗೆ ಅರಳೆಗೆ ಬಂತು.

“ಆತೇನ್ರಿ?” ಅವಳು ತಿರುಗದೆ ಕೇಳಿದಳು.

“ಇನ್ನೊಂದದ,” ಎಂದ ಅವನು.