ಅರವತ್ತರಲ್ಲಿ ಒಂದು ಪಾಲು

ನಮ್ಮ ರೂಮಿನ ಪೊಡಿಯಬ್ಬಾಕ ಗೋಡೆಯ ಕಡೆ ಮುಖ ತಿರುಗಿಸಿ ಒಂಬತ್ತು ದಿನವಾಗಿತ್ತು. ಕಟ್ಟಡದ ಕೆಲಸದಲ್ಲಿ ಬಿದ್ದು ಮುರಿದ ಅವರ ಸೊಂಟದ ಮೂಳೆಯನ್ನು ಸೌದಿಯ ಖಮೀಸ್ ಮುಶೈತ್‌ನ ಆಸ್ಪತ್ರೆಯವರು ಕೂಡಿಸಿದ್ದರು. ಆದರೆ ಅವರಿಗೆ ಮಾತು ಬೇಡ, ಅನ್ನ ಬೇಡ. ಹೀಗೇ ಆದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ನನಗೆ ತಿಳಿಸಿದವಳು ಎಮಿಲಿಯಾ ಸಿಸ್ಟರ್, ಮಂಗಳೂರಿನವಳು.

"ಮೊಯ್ದು, ನಿಮ್ಮ ರೂಮಿನವರು ಎಂತ, ಸತ್ತ ಮೇಲೆ ಬರುವುದಾ?"

"ನೋಡಲು ವಾರಕ್ಕೆ ಒಬ್ಬನೇ ಬರಬೇಕು ಅಂತ ಮುದೀರ್ ಹೇಳಿದ್ದಾನಲ್ಲ ಸಿಸ್ಟರ್." ಮುದೀರ್ ಅಂದರೆ ವಾರ್ಡಿನ ದೊಡ್ಡ ಸಾಹೇಬ.

"ಅವನು ಹೇಳಲಿ. ನೋಡಲು ಬಂದ ಪ್ರತಿಯೊಬ್ಬನೂ ಕಾಯಿಲೆಯ ಅರವತ್ತರಲ್ಲಿ ಒಂದು ಪಾಲು ಹೊತ್ತುಕೊಂಡು ಹೋಗ್ತಾನೆ."

"ಯಾರು ಹೇಳಿದ್ದು? ನಿಮ್ಮ ಪಾದ್ರಿಯಾ?"

"ಬೊಂಬಾಯಿಯಲ್ಲಿ ನಾನು ನೋಡಿಕೊಂಡ ಯಹೂದಿ ಅಜ್ಜಿ."

ನಾನು ಬಾಗಿಲ ಕಡೆ ನೋಡಿದೆ. ಇಲ್ಲಿ ಯಹೂದಿ ಎಂಬ ಶಬ್ದವನ್ನು ಯಾರೂ ಇಷ್ಟು ಗಟ್ಟಿಯಾಗಿ ಆಡುವುದಿಲ್ಲ.

"ಮೆಲ್ಲ ಮಾರಾಯ್ತಿ!"

"ಎಂತ ಮೆಲ್ಲ? ಕಾಯಿಲೆಯವರನ್ನು ನೋಡಬೇಕು ಅಂತ ನಿಮ್ಮ ಮಸೀದಿಯ ಉಸ್ತಾದರು ಹೇಳುವುದಿಲ್ವಾ?"

ಹೇಳುತ್ತಾರೆ. ನಾನು ಸೋತೆ. "ಹಾಗಾದ್ರೆ ಅರವತ್ತು ಜನ ತಂದರೆ ಪೂರಾ ಖಲಾಸ್?"

"ನಾನೂ ಅಜ್ಜಿಯ ಹತ್ತಿರ ಇದನ್ನೇ ಕೇಳಿದ್ದೆ. ಇಲ್ಲವಂತೆ. ಇನ್ನೊಬ್ಬ ಬಂದರೆ ಅವನಿಗೆ ಉಳಿದದ್ದರಲ್ಲಿ ಅರವತ್ತನೇ ಪಾಲು. ಅದೂ ಪ್ರೀತಿ ಇದ್ದವರಿಗೆ ಮಾತ್ರ."

"ಅಂದ್ರೆ ಮುಗಿಯುವುದೇ ಇಲ್ಲ!"

"ಅದಕ್ಕೇ ಮತ್ತೆ ಮತ್ತೆ ಬರಬೇಕು."

ಮರುದಿನ ಸಂಜೆಯ ಅಸರ್ ನಮಾಜು ಮುಗಿದದ್ದೇ ಒಂದು ಪಿಕಪ್ಪಿನಲ್ಲಿ ಹನ್ನೊಂದು ಜನ ಹೋದೆವು. ಎಮಿಲಿಯಾ ಹಿಂಬಾಗಿಲು ತೆರೆದಳು. ರೋಗಿಯ ತಲೆಗಿಂತ ಎತ್ತರದಲ್ಲಿ ಇರಬಾರದೆಂದು ಎಲ್ಲರನ್ನೂ ನೆಲದಲ್ಲಿ ಕೂರಿಸಿದಳು. ನಮ್ಮ ರೂಮಿನ ಸೇಸಪ್ಪ ಬಾಯಿ ಬಿಟ್ಟ.

"ಎಂತ ಕಾಕ, ಆಸ್ಪತ್ರೆಯ ಊಟ ಸೇರುವುದಿಲ್ವಂತೆ? ನಿಮ್ಮ ಮೀನುಸಾರು ತಿಂದೂ ನಾವು ಬದುಕಿಲ್ವಾ?"

ಗೋಡೆಯ ಕಡೆಯಿಂದ ಸಣ್ಣ ದನಿ ಬಂತು. "ನಿನ್ನ ಅನ್ನದಲ್ಲಿ ಟೈಲ್ಸ್ ಅಂಟಿಸಬಹುದು, ಬೇವರ್ಸಿ."

ನಾವು ನಕ್ಕ ಸದ್ದಿಗೇ ಮುದೀರ್ ಓಡಿ ಬಂದ.

"ಯಲ್ಲಾ, ಎಲ್ಲ ಹೊರಗೆ! ಯಾರು ಒಳಗೆ ಬಿಟ್ಟದ್ದು?"

"ನಾನು," ಎಂದಳು ಎಮಿಲಿಯಾ.

"ನಿನ್ನನ್ನು ಊರಿಗೆ ಕಳಿಸ್ತೇನೆ."

"ಕಳಿಸಿ. ಈ ಕಾಕ ಊಟ ಮಾಡಿದ ಮೇಲೆ."

ಮುದೀರ್ ನಮ್ಮ ಕಡೆ ತಿರುಗಿದ. ನಮ್ಮೆಲ್ಲರ ಪಾಸ್‌ಪೋರ್ಟು ನಮ್ಮನ್ನು ಇಲ್ಲಿಗೆ ಕರೆಸಿಕೊಂಡ ಧಣಿ ಕಫೀಲನ ಕಪಾಟಿನಲ್ಲಿದೆ ಎಂಬುದು ಅವನಿಗೂ ಗೊತ್ತು. ಆದರೂ ನಾನು ಏಳಲಿಲ್ಲ. ಯಾರೂ ಏಳಲಿಲ್ಲ.

"ಮೊಯ್ದು," ಎಂದರು ಪೊಡಿಯಬ್ಬಾಕ, "ಹಿಡಿದು ಸ್ವಲ್ಪ ಎತ್ತಿ ಕೂರಿಸು."

ಕೂರಿಸಿದೆ. ಎಮಿಲಿಯಾ ಊಟದ ತಟ್ಟೆಯನ್ನು ಅವರ ಮುಂದಿಟ್ಟಳು. ಮುದೀರನನ್ನು ದಿಟ್ಟಿಸುತ್ತಲೇ ಅವರು ಮೊದಲ ತುತ್ತು ನುಂಗಿದರು. ಅವನು ಅದನ್ನು ನಿಂತು ನೋಡಬೇಕಾಯಿತು.