ಏಳನೆಯ ಸಾಲು

ಆಯುಧಪೂಜೆಯ ದಿನ ಪಂಚಾಕ್ಷರಿ ಮಾಡಿದ ತಪ್ಪು ಭಕ್ತಿಯಿಂದ ಮಾಡಿದ್ದು. ಅದಕ್ಕೇ ಯಾರೂ ತಡೆಯಲಿಲ್ಲ.

ರಾಜಾಜಿನಗರದ ರಕ್ತದಾನಿಗಳ ಟ್ರಸ್ಟಿನ ಹಿಂದಿನ ಕೋಣೆಯಲ್ಲಿ ಒಂದು ಸರ್ವರ್ ಇತ್ತು. ಆಕಾರ ಅಕ್ಕಿ ಡಬ್ಬದ್ದು, ಸದ್ದು ಜೇನುಗೂಡಿನದು. ಅರವತ್ತು ಸಾವಿರ ದಾನಿಗಳ ಹೆಸರು, ರಕ್ತದ ಗುಂಪು, ಫೋನ್ ನಂಬರು ಎಲ್ಲ ಅದರ ಹೊಟ್ಟೆಯೊಳಗೆ. ಮೂವತ್ತಾರು ವರ್ಷ ರೈಲ್ವೆಯಲ್ಲಿದ್ದು ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತರಾದ ಪಂಚಾಕ್ಷರಿ ಈ ವರ್ಷದಿಂದ ಆ ಟ್ರಸ್ಟಿನ ಗೌರವ ವ್ಯವಸ್ಥಾಪಕರು. ಗೌರವ ಎಂದರೆ ಸಂಬಳವಿಲ್ಲ, ಎರಡು ಹೊತ್ತು ಕಾಫಿ ಇದೆ.

ಪೂಜೆಯ ದಿನ ಸರ್ವರಿಗೆ ಮೂರು ಎಳೆ ವಿಭೂತಿ ಬಳಿದರು. ಕಸ ಗುಡಿಸುವ ವೆಂಕಟಲಕ್ಷ್ಮಮ್ಮ ಕುಂಕುಮವಿಟ್ಟು ಸೇವಂತಿಗೆ ಹಾರ ಹಾಕಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಪಂಚಾಕ್ಷರಿ ಬೆಳೆದ ಮನೆಯಲ್ಲಿ ಆ ದಿನ ಕುಡುಗೋಲಿನಿಂದ ಹಿಡಿದು ಹೊಲಿಗೆ ಸೂಜಿಯವರೆಗೆ ಯಾವುದಕ್ಕೂ ಕೆಲಸ ಹೇಳುತ್ತಿರಲಿಲ್ಲ. ಪೂಜೆ ಮಾಡಿಸಿಕೊಂಡ ಆಯುಧ ದುಡಿಯಬಾರದು. ‘ಪಾಪ, ಇದಕ್ಕೂ ಮೂರು ದಿನ ರಜೆ ಸಿಗಲಿ’ ಎಂದು ಸ್ವಿಚ್ ಆರಿಸಿ, ಕೈ ಮುಗಿದು, ಬಾಗಿಲು ಹಾಕಿಕೊಂಡು ಹೋದರು.

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲು ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದರು. ಹಾವೇರಿ ಕಡೆಯ ದಾನಮ್ಮ. ಕೈಯಲ್ಲಿ ಕೆಂಗೇರಿಯ ನರ್ಸಿಂಗ್ ಹೋಮಿನ ಚೀಟಿ. ಮಗಳು ಶಿವರಂಜನಿಗೆ ಸಂಜೆ ಐದಕ್ಕೆ ಸಿಸೇರಿಯನ್.

“ಬಾಂಬೆ ಗ್ರೂಪ್ ಅಂತ್ರಿ ಸಾಹೇಬ್ರ. ನಾನೂ ಕೊಡ್ತೀನಿ ಅಂದೆ, ನಮ್ ಯಜಮಾನ್ರೂ ಕೊಡ್ತೀನಿ ಅಂದ್ರು. ಯಾರ್ದೂ ಕೂಡಂಗಿಲ್ಲಂತ್ರಿ.”

ಪಂಚಾಕ್ಷರಿಗೆ ಗೊತ್ತಿತ್ತು. ಹತ್ತು ಸಾವಿರದಲ್ಲಿ ಒಬ್ಬರಿಗೆ ಇರುವ ಗುಂಪು ಅದು. ಅದೇ ಗುಂಪಿನವರ ರಕ್ತ ಬಿಟ್ಟು ಬೇರೆ ಯಾರದ್ದೂ ಆಗದು. ಎರಡು ಬಾಟಲಿ ಕೈಯಲ್ಲಿ ಇಲ್ಲದೆ ಕತ್ತರಿ ಮುಟ್ಟುವುದಿಲ್ಲ ಎಂದಿದ್ದರು ಡಾಕ್ಟರು. ರಕ್ತ ತೆಗೆದ ಮೇಲೆ ಪರೀಕ್ಷೆಗೇ ನಾಲ್ಕು ಗಂಟೆ ಬೇಕು. ಅಂದರೆ ಹನ್ನೆರಡರ ಒಳಗೆ ಇಬ್ಬರು ದಾನಿಗಳು ರಕ್ತನಿಧಿಯಲ್ಲಿ ತೋಳು ಚಾಚಿ ಮಲಗಿರಬೇಕು.

“ಕೂತ್ಕೊಳ್ಳಿ ತಾಯಿ, ಎರಡೇ ನಿಮಿಷ” ಎಂದು ಒಳಗೆ ಹೋಗಿ ಸ್ವಿಚ್ ಒತ್ತಿದರು.

ಫ್ಯಾನುಗಳು ಭೋರ್ಗರೆದವು. ಸೇವಂತಿಗೆ ಎಸಳು ಹಾರಿದವು. ಹೊರಗಿನ ಕಂಪ್ಯೂಟರಿನಲ್ಲಿ ಮಾತ್ರ ದಾನಿಗಳ ಪಟ್ಟಿ ಬರಲಿಲ್ಲ; ‘ಸಂಪರ್ಕವಿಲ್ಲ’ ಎಂದಿತು. ಇನ್ನೊಮ್ಮೆ, ಮತ್ತೊಮ್ಮೆ. ಐದು ವರ್ಷದ ಹಿಂದೆ ಅಚ್ಚು ಹಾಕಿದ ಹಳೆಯ ಪಟ್ಟಿ ತೆಗೆದು ಬಾಂಬೆ ಗುಂಪಿನ ನಾಲ್ಕು ನಂಬರಿಗೂ ಫೋನ್ ಮಾಡಿದರು. ಎರಡು ಚಾಲ್ತಿಯಲ್ಲಿಲ್ಲ. ಒಂದನ್ನು ಎತ್ತಿದವರು ತಮಿಳಿನಲ್ಲಿ ಬೈದರು. ನಾಲ್ಕನೆಯದನ್ನು ಎತ್ತಿದ ಹುಡುಗಿ, “ತಾತ ಹೋದ ವರ್ಷ ತೀರ್ಕೊಂಡ್ರು ಅಂಕಲ್” ಎಂದಳು.

ಹತ್ತೂವರೆಗೆ ರಾಗಿಣಿಗೆ ಫೋನ್ ಹಚ್ಚಿದರು. ಸರ್ವರ್ ನೋಡಿಕೊಳ್ಳುವ ಕಂಪನಿಯ ಹುಡುಗಿ. ಅವಳನ್ನು ಇವರು ಕಂಡೇ ಇರಲಿಲ್ಲ.

“ಸಾರ್, ಉಲ್ಲಾಳ ಉಪನಗರದಿಂದ ಬಸ್ಸಲ್ಲಿ ಬರ್ತಾ ಇದೀನಿ. ಆ ಮೆಷಿನ್ ಎದ್ದು ಕೂತಿದ್ರೆ ನನ್ ಫೋನಿಂದಾನೇ ಒಳಗೆ ಹೋಗ್ಬೋದಿತ್ತು. ಅದು ಎದ್ದೇ ಇಲ್ಲ. ಅಲ್ಲಿಗ್ ಬರೋಕೆ ಹನ್ನೆರಡಾಗತ್ತೆ.”

“ಹನ್ನೆರಡಕ್ಕೆ ಬಂದು ಪ್ರಯೋಜನ ಇಲ್ಲಮ್ಮ.”

ದಾನಮ್ಮನ ಮಗಳ ವಿಷಯ ಹೇಳಿದರು. “ಸರಿ. ಸರ್ವರಿಗೇ ಅಂಟ್ಕೊಂಡಿರೋ ಪುಟಾಣಿ ಸ್ಕ್ರೀನ್ ಇದ್ಯಲ್ಲ, ಗೋಡೆ ಕಡೆ ತಿರ್ಗಿರ್ಬೋದು. ಅದನ್ನ ಈ ಕಡೆ ತಿರ್ಗ್ಸಿ. ಏನ್ ಕಾಣ್ತಿದೆ?”

ತಿರುಗಿಸಿದರು. ಬಣ್ಣವಿಲ್ಲ, ಚಿತ್ರವಿಲ್ಲ, ಮೌಸ್‌ನ ಬಾಣವೂ ಇಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು, ಮುಂದೆ ಒಂದೊಂದು ಅಂಕಿ.

“ಹೋಟ್ಲಲ್ಲಿ ತಿಂಡಿ ಬೋರ್ಡ್ ಬರೆದಂಗಿದೆ.”

“ಅದೇ ಮೆನು ಸಾರ್! ಅದು ಬಂದಿದೆ ಅಂದ್ರೆ ಜೀವ ಇದೆ. ಒಂದು ಒತ್ತಿ, ಎಂಟರ್ ಕೊಡಿ.”

“ಒಂದು. ಸ್ಟೇಟಸ್. ಎಂಟರ್.”

“ಹೂಂ ಸಾರ್, ನಾನೂ ಅದೇ ಹೇಳಿದ್ದು. ವಾಪಸ್ ಹೇಳ್ಬೇಡಿ, ಟೈಮ್ ವೇಸ್ಟ್ ಆಗತ್ತೆ.”

“ವಾಪಸ್ ಹೇಳ್ದೆ ನನ್ ಕೈ ಓಡಲ್ಲಮ್ಮ. ಮೂವತ್ತಾರು ವರ್ಷದ ಚಾಳಿ. ಪಕ್ಕದ ಸ್ಟೇಷನ್ನೋರು ಹೇಳಿದ್ದನ್ನ ಅಕ್ಷರಕ್ಕಕ್ಷರ ತಿರ್ಗಿ ಹೇಳೋವರ್ಗೂ ಲೈನ್ ಕ್ಲಿಯರ್ ಇಲ್ಲ, ಗಾಡಿ ಬಿಡಂಗಿರ್ಲಿಲ್ಲ.”

ಫೋನಿನಲ್ಲಿ ನಿಟ್ಟುಸಿರು, ಹಿಂದೆ ಕಂಡಕ್ಟರ್ ದನಿ, “ಮುಂದೆ ಹೋಗ್ರೀ, ಬಾಗ್ಲಲ್ಲಿ ಏನ್ ನೋಡ್ತೀರಾ!”

ಪಂಚಾಕ್ಷರಿ ಪರದೆಯನ್ನು ಸಾಲು ಸಾಲಾಗಿ ಓದಿದರು. ದಾನಿಗಳ ರಿಜಿಸ್ಟರ್: ನಿಂತಿದೆ. ಇಂದಿನ ದಿನಾಂಕ: ಜನವರಿ ಒಂದು, ಎರಡು ಸಾವಿರದ ಒಂಬತ್ತು.

“ಅಯ್ಯೋ ದೇವ್ರೇ” ಎಂದಳು ರಾಗಿಣಿ. ಆಮೇಲೆ ನಿಧಾನವಾಗಿ: “ಸಾರ್, ಒಳಗೆ ವಾಚ್ ಸೆಲ್ ಥರದ್ದೊಂದಿದೆ. ಮೆಷಿನ್ ಆಫ್ ಆದಾಗ ತಾರೀಖು ನೆನಪಿಟ್ಕೊಳ್ಳೋದು ಅದರ ಕೆಲಸ. ಇದು ಆಫೇ ಆಗಿರ್ಲಿಲ್ವಲ್ಲ, ಸೆಲ್ ಸತ್ತಿರೋದು ಯಾರಿಗೂ ಗೊತ್ತಾಗಿಲ್ಲ. ಈಗ ಅದು 2009 ಅನ್ಕೊಂಡಿದೆ. ರಿಜಿಸ್ಟರಲ್ಲಿ ನೋಡಿದ್ರೆ ಮೊನ್ನೆ ಮೊನ್ನೆ ಬರೆದ ಹೆಸರುಗಳಿವೆ. ಅದಕ್ಕೆ ಬಾಗ್ಲು ತೆಗೀತಿಲ್ಲ.”

“ನ್ಯಾಯ ಬಿಡಮ್ಮ. ಹೊರಡೋಕ್ ಮುಂಚೇನೇ ಬಂದು ನಿಂತಿರೋ ಗಾಡೀನ ನಾನೂ ತಗೊಳ್ತಿರ್ಲಿಲ್ಲ.”

ಅವಳು ಒಮ್ಮೆ ನಕ್ಕಳು. “ಸೊನ್ನೆ ಒತ್ತಿ ಹಿಂದಕ್ಕ್ ಬನ್ನಿ. ಈಗ ಮೂರು. ಡೇಟ್ ಅಂಡ್ ಟೈಮ್. ವರ್ಷ ಮೊದ್ಲು, ಆಮೇಲೆ ತಿಂಗ್ಳು, ಆಮೇಲೆ ದಿನ. ತಪ್ಪಾದ್ರೆ ಕೆಂಪಗೆ ಬಯ್ಯತ್ತೆ, ಹೆದರ್ಬೇಡಿ.”

ಒಂದು ಸಲ ಬೈಸಿಕೊಂಡರು. ಎರಡನೆಯ ಸಲ ಕೂತಿತು. 2024, ಹತ್ತು, ಹದಿನಾಲ್ಕು. ಒಂದು ಎಂಟರಿಗೆ ಹದಿನೈದು ವರ್ಷ ಸದ್ದಿಲ್ಲದೆ ದಾಟಿಹೋಯಿತು.

ಪಂಚಾಕ್ಷರಿಯ ಮೈ ಜುಮ್ಮೆಂದಿತು. ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತ ಹುಡುಗಿ, ತಾನು ಕಾಣದ ಪರದೆಯೊಳಗೆ ಸ್ವಂತ ಮನೆಯ ಕತ್ತಲಲ್ಲಿ ಓಡಾಡುವವಳ ಹಾಗೆ ಕೋಣೆಯಿಂದ ಕೋಣೆಗೆ ನಡೆಯುತ್ತಿದ್ದಾಳೆ. ಚಿತ್ರವಾಗಿದ್ದರೆ ಫೋನಿನಲ್ಲಿ ಹೇಳುವುದು ಹೇಗೆ? ಇದು ಬರೀ ಮಾತು. ಓದಿದರೆ ಸಾಕು, ಅತ್ತ ಕಣ್ಣಿಲ್ಲದೆಯೂ ಕಾಣುತ್ತದೆ. ಸಿಗ್ನಲ್ ದೀಪ ಬರುವ ಮೊದಲು ಕತ್ತಲಲ್ಲಿ ಗಾಡಿಗಳನ್ನು ಓಡಿಸಿದ್ದೂ ಇಂಥ ಮಾತೇ ಅಲ್ಲವೇ ಅನ್ನಿಸಿತು.

ಬಾಗಿಲಲ್ಲಿ ದಾನಮ್ಮ ಬಂದು ನಿಂತಿದ್ದರು. ಗಡಿಯಾರ ಹತ್ತು ಐವತ್ತು ತೋರಿಸುತ್ತಿತ್ತು.

“ಈಗ ರಿಜಿಸ್ಟರ್ ಎಬ್ಬಿಸೋದೊಂದೇ ಬಾಕಿ” ಎಂದಳು ರಾಗಿಣಿ. “ಸೊನ್ನೆ ಒತ್ತಿ ಹಿಂದಕ್ಕ್ ಬನ್ನಿ. ಏಳು ಒತ್ತಿ, ಎಂಟರ್. ‘ಆರ್ ಯೂ ಶ್ಯೂರ್’ ಅಂತ ಕೇಳತ್ತೆ, ಎಸ್ ಅನ್ನಿ. ಮುಗೀತು.”

ಪಂಚಾಕ್ಷರಿ ಸೊನ್ನೆ ಒತ್ತಿದರು. ಬೆರಳು ಏಳರ ಮೇಲೆ ಹೋಗಿ ಕೂತಿತು. ಚಾಳಿಯಂತೆ ಬಾಯಿ ತೆರೆಯಿತು.

“ಏಳು. ಎರೇಸ್ ಆಲ್ ಡೇಟಾ ಅಂಡ್ ರೀಇನ್‌ಸ್ಟಾಲ್. ಎಂಟರ್ ಕೊಡ್ಲಾ?”



“ಸಾರ್” ಎಂದಳು ರಾಗಿಣಿ. ದನಿ ಬದಲಾಗಿತ್ತು. “ಕೀಬೋರ್ಡಿಂದ ಕೈ ತೆಗೀರಿ.”

“ತೆಗೆದೆ.”

“ಎರಡೂ ಕೈ.”

“ಇನ್ನೊಂದ್ರಲ್ಲಿ ಫೋನಿದೆಯಮ್ಮ.”

“ನಾನು ನೋಡ್ಕೊಳ್ಳೋ ಮಿಕ್ಕ ಮೂವತ್ ಮೆಷಿನ್ನಲ್ಲೂ ಏಳು ಅಂದ್ರೆ ಸ್ಟಾರ್ಟ್. ನಿಮ್ದು ಹಳೇ ಮೆನು. ನಂಗೆ ನೆನಪಾಗ್ಲೇ ಇಲ್ಲ ಸಾರ್. ನೀವ್ ಏಳು ಒತ್ತಿದ್ರೆ ಶ್ಯೂರಾ ಅಂತ ಕೇಳ್ತಿತ್ತು. ನಾನು ಎಸ್ ಅನ್ನಿ ಅಂತ ಆಗ್ಲೇ ಹೇಳಾಗಿತ್ತು.”

ಅರವತ್ತು ಸಾವಿರ ಹೆಸರು ಒಂದೇ ಏಟಿಗೆ ಅಳಿಸಿಹೋಗುತ್ತಿತ್ತು. ಪಂಚಾಕ್ಷರಿ ಅಂಗಿಯ ತೋಳಿಗೆ ಹಣೆ ಒರೆಸಿಕೊಂಡರು. ಪಕ್ಕದಲ್ಲಿ ದಾನಮ್ಮ ಏನೂ ಅರ್ಥವಾಗದೆ, ಆದರೆ ಏನೋ ತಪ್ಪಿಹೋಯಿತೆಂದು ಅರಿತು, ಕೊರಳಿನ ಲಿಂಗದ ಕರಡಿಗೆ ಹಿಡಿದುಕೊಂಡಿದ್ದರು.

“ಇದರಲ್ಲಿ ಆರು ಸ್ಟಾರ್ಟ್ ರಿಜಿಸ್ಟರ್ ಅಂತಿದೆ” ಎಂದರು ಪಂಚಾಕ್ಷರಿ ಮೆಲ್ಲಗೆ.

“ಅದೇ ಸಾರ್. ಅದನ್ನ ಒತ್ತೋಕ್ ಮುಂಚೆ ಇನ್ನೊಂದ್ ಸಲ ಓದಿ. ಜೋರಾಗಿ.”

“ಆರು. ಸ್ಟಾರ್ಟ್ ರಿಜಿಸ್ಟರ್.”

“ಆರು, ಸ್ಟಾರ್ಟ್ ರಿಜಿಸ್ಟರ್” ಎಂದು ಅವಳೂ ತಿರುಗಿ ಹೇಳಿದಳು. “ಲೈನ್ ಕ್ಲಿಯರ್ ಸಾರ್.”

ಒತ್ತಿದರು. ಪರದೆಯ ಮೇಲೆ ಚುಕ್ಕಿಗಳು ಒಂದೊಂದಾಗಿ ಬಲಕ್ಕೆ ಸಾಗಿದವು, ಗೂಡ್ಸ್ ಗಾಡಿಯ ಡಬ್ಬಿಗಳ ಹಾಗೆ. ಆಮೇಲೆ ಒಂದೇ ಪದ: ರನ್ನಿಂಗ್.

ಹೊರಗಿನ ಕಂಪ್ಯೂಟರಿನಲ್ಲಿ ಬಾಂಬೆ ಗುಂಪು ಎಂದು ಹುಡುಕಿದರೆ ಅರವತ್ತು ಸಾವಿರದಲ್ಲಿ ಹನ್ನೊಂದು ಹೆಸರು ಬಂತು. ಬೆಂಗಳೂರಿನಲ್ಲಿರುವವರು ನಾಲ್ವರು. ಮೊದಲನೆಯವರು ಎತ್ತಲಿಲ್ಲ. ಎರಡನೆಯವರು ಮೂಡಲಪಾಳ್ಯದಲ್ಲಿ ಪೈಪು, ನಲ್ಲಿ ಮಾರುವ ಚನ್ನವೀರೇಶ್. ಪಂಚಾಕ್ಷರಿ ಮಾತು ಮುಗಿಸುವ ಮೊದಲೇ ಅತ್ತ ಕಬ್ಬಿಣದ ಸದ್ದು ಕೇಳಿಸಿತು.

“ಅದೇನ್ ಸದ್ದು?”

“ಶಟರ್ ಎಳೀತಾ ಇದೀನಿ ಸಾರ್. ಎಲ್ಲಿಗ್ ಬರ್ಬೇಕು ಹೇಳಿ.”

ಮೂರನೆಯವರು ಹೆಗ್ಗನಹಳ್ಳಿಯ ಟೀಚರ್ ಅನಘಾ. “ದಸರಾ ರಜೆ ಸ್ಪೆಷಲ್ ಕ್ಲಾಸ್ನ ಪಕ್ಕದ್ ಮಿಸ್‌ಗೆ ಒಪ್ಪಿಸ್ಬಿಟ್ಟು ಹೊರಟೆ” ಎಂದರು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಇಬ್ಬರೂ ರಕ್ತನಿಧಿಯಲ್ಲಿದ್ದರು.

ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಪಂಚಾಕ್ಷರಿ ಹಿಂದಿನ ಕೋಣೆಗೆ ಬಂದು ಕೂತು, ಯಾರ ಅಪ್ಪಣೆಯೂ ಇಲ್ಲದೆ, ಒಂದು ಒತ್ತಿದರು. ಅವಸರದಲ್ಲಿ ಓದದೆ ಬಿಟ್ಟಿದ್ದ ಸಾಲುಗಳು ಕೆಳಗಿದ್ದವು. ಹಿಂದಿನ ಸಲ ಎಡೆಬಿಡದೆ ನಡೆದದ್ದು: 4,201 ದಿನ. ಕೊಟ್ಟ ಉತ್ತರಗಳು: 1,18,642. ಹನ್ನೊಂದೂವರೆ ವರ್ಷ, ಒಂದು ಯುಗಾದಿ, ಒಂದು ಶಿವರಾತ್ರಿಗೂ ಕಣ್ಣು ಮುಚ್ಚದೆ, ಯಾವ ಆಸ್ಪತ್ರೆಯಿಂದ ಯಾರು ಕೇಳಿದರೂ ಇಂಥವರಿದ್ದಾರೆ ಎಂದು ಹೇಳುತ್ತ ಕೂತಿತ್ತು ಅದು. ಅಂಥದ್ದಕ್ಕೆ ತಾವು ರಜೆ ಕೊಡಲು ಹೊರಟಿದ್ದರು. ಪಂಚಾಕ್ಷರಿ ಎದ್ದು ನಿಂತರು. ಮೇಲಧಿಕಾರಿ ಬಂದಾಗಲೂ ಅಷ್ಟು ಬೇಗ ಎದ್ದವರಲ್ಲ.

ಸಂಜೆ ಆರಕ್ಕೆ ಹತ್ತು ನಿಮಿಷವಿದ್ದಾಗ ದಾನಮ್ಮನ ಫೋನ್. “ಹೆಣ್ಣು ಮಗು ರೀ ಸಾಹೇಬ್ರ! ಇಬ್ರೂ ಅರಾಮ ಅದಾರ. ನಿಮ್ ಡಬ್ಬಿಗೆ ಒಂದ್ ಹಣ್ಣು ಕಾಯಿ ಮಾಡ್ಸಬೇಕ್ರಿ.”

ಫೋನಿಟ್ಟು ಪಂಚಾಕ್ಷರಿ ಮತ್ತೊಮ್ಮೆ ಒಂದು ಒತ್ತಿದರು. ವೆಂಕಟಲಕ್ಷ್ಮಮ್ಮ ಪೊರಕೆ ಹಿಡಿದು ಬಾಡಿದ ಹಾರ ತೆಗೆಯಲು ಬಂದರು; ಕೈ ಸ್ವಿಚ್ಚಿನ ಹತ್ತಿರ ಹೋದದ್ದು ಕಂಡು ಪಂಚಾಕ್ಷರಿ ನಡುವೆ ಬಂದು ನಿಂತರು.

“ಹೂವು ನಾನೇ ತೆಗೀತೀನಿ ಬಿಡಿ.” ಆಮೇಲೆ ಪರದೆಯ ಕಡೆ ತಿರುಗಿ, ಸ್ಪಷ್ಟವಾಗಿ, ಒಂದೊಂದೇ ಪದ ಬಿಡಿಸಿ ಓದಿದರು: “ಎಡೆಬಿಡದೆ ನಡೆದದ್ದು, ಸೊನ್ನೆ ದಿನ, ಎಂಟು ಗಂಟೆ, ಹದಿನೈದು ನಿಮಿಷ.”

“ಯಾರಿಗ್ ಹೇಳ್ತಿದೀರಾ ಸಾರ್?”

ಪಂಚಾಕ್ಷರಿ ಒಂದು ಗಳಿಗೆ ಕಾದರು, ಆ ಕಡೆಯಿಂದ ಯಾರಾದರೂ ತಿರುಗಿ ಹೇಳುತ್ತಾರೇನೋ ಎಂಬಂತೆ. ಜೇನುಗೂಡಿನ ಸದ್ದು ಹಾಗೇ ಇತ್ತು.